ನಮ್ಮ ಮಾಮಾನ ಜ್ಯೇಷ್ಠತಾ ಪಟ್ಟಿ

ಜಗತ್ತಿನ ಸಾರ್ವಕಾಲಿಕ ಶ್ರೇಷ್ಠ ರೇಸ್ ಚಾಲಕ ಯಾರು ಎಂದು ಜನ ಇನ್ನೂ ಬಡಿದಾಡುತ್ತಿದ್ದಾರಂತೆ. ಪಾಪ! ಆ ಪ್ರಶ್ನೆ ಎಂದೋ ಇತ್ಯರ್ಥವಾಗಿದೆ. ಪಟಾನ್‌ಚೆರು ಬಸ್ ಸ್ಟ್ಯಾಂಡಿನಿಂದ ಹತ್ತು ನಿಮಿಷ ನಡೆದರೆ ಸಿಗುವ ಎರಡು ಕೋಣೆಯ ಮನೆಯಲ್ಲಿ, ಅಡುಗೆಮನೆಯ ಬಾಗಿಲ ಮೇಲೆ ಉತ್ತರ ಅಂಟಿಸಿದೆ. ಸಹಿ ಇದೆ, ಮೊಹರೂ ಇದೆ. ಅಂಟಿಸಿದವರು ನನ್ನ ಸೋದರಮಾವ. ನೋಡಿ, ಈಗ ಎಷ್ಟು ಸಲೀಸಾಗಿ ಹೇಳಿಬಿಟ್ಟೆ, 'ನನ್ನ ಸೋದರಮಾವ' ಅಂತ! ಇದೇ ಎರಡು ಶಬ್ದ ಹೇಳಬೇಕಾದ ಹೊತ್ತಿನಲ್ಲಿ ನನಗೆ ನಾಲಿಗೆ ಏಳಲಿಲ್ಲ. ಆ ನಾಚಿಕೆಗೇಡಿನ ಕತೆ ಹೇಳಲೆಂದೇ ಕೂತಿದ್ದೇನೆ. ನೀವು ಧಾರಾಳವಾಗಿ ನಗಬಹುದು. ಆದರೆ ಅವರನ್ನು ನೋಡಿ ಅರ್ಧ ನಕ್ಕು, ಇನ್ನರ್ಧ ನಗುವನ್ನು ನನಗಾಗಿ ಉಳಿಸಿಕೊಳ್ಳಿ.

ಮಾಮಾ ಕೇಂದ್ರ ಸರ್ಕಾರದ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಬಸ್ ಓಡಿಸುತ್ತಿದ್ದರು. ಬೆಳಿಗ್ಗೆ ಹಿಮಾಯತ್‌ನಗರದಲ್ಲಿ ಹತ್ತಿದ ಗುಮಾಸ್ತರನ್ನೂ ಫಿಟ್ಟರುಗಳನ್ನೂ ಪಟಾನ್‌ಚೆರುವಿನಾಚೆ ಇಳಿಸುವುದು, ಸಂಜೆ ವಾಪಸ್ ತಂದು ಬಿಡುವುದು. ಮೂವತ್ತೊಂದು ವರ್ಷ ಇದೇ ಕೆಲಸ. ನಾನು ಗದಗಿನಿಂದ ಎಂಜಿನಿಯರಿಂಗ್ ಓದಲು ಹೈದರಾಬಾದಿಗೆ ಬಂದವನು ನಾಲ್ಕು ವರ್ಷ ಅವರ ಕ್ವಾರ್ಟರ್ಸಿನಲ್ಲೇ ಉಂಡೆ, ಅವರ ಬಸ್ಸಿನ ಬಾನೆಟ್ ಮೇಲೆ ಕೂತೇ ಕಾಲೇಜಿಗೆ ಹೋದೆ. ಅವರಿಗೆ ಮಕ್ಕಳಿಲ್ಲ. ಅತ್ತೆ ರೊಟ್ಟಿ ಬಡಿಯುವಾಗ ನನ್ನ ಪಾಲಿನದನ್ನು ಕೇಳದೆಯೇ ಎಣಿಕೆಗೆ ಸೇರಿಸುತ್ತಿದ್ದಳು. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಉಂಡ ಮನೆಯ ಜಂತೆ ಎಣಿಸುವವ ಅಂತ ಒಂದು ಮಾತಿದೆಯಲ್ಲ, ಆ ಎಣಿಕೆಯಲ್ಲಿ ನಾನು ಎಷ್ಟು ಪ್ರವೀಣ ಎಂಬುದು ನಿಮಗೆ ಮುಂದೆ ತಿಳಿಯಬೇಕು.

ಮಾಮಾನಿಗೆ ಕಾರ್ ರೇಸಿನ ಹುಚ್ಚು ಹಿಡಿಸಿದ್ದು ಕಾಲೊನಿಗೆ ಬಂದ ಕೇಬಲ್ ಟಿವಿ. ಆದರೆ ನೋಡಿ ಖುಷಿಪಟ್ಟು ಎದ್ದು ಹೋಗುವ ಜಾತಿಯಲ್ಲ ಅವರು. ಸರ್ಕಾರಿ ಕಾರ್ಖಾನೆಯಲ್ಲಿ ದುಡಿದವರಿಗೆಲ್ಲ ಗೊತ್ತು: ಅಲ್ಲಿ ಯಾರು ದೊಡ್ಡವರು ಯಾರು ಚಿಕ್ಕವರು ಎಂಬುದನ್ನು ದೇವರು ತೀರ್ಮಾನಿಸುವುದಿಲ್ಲ, ಜ್ಯೇಷ್ಠತಾ ಪಟ್ಟಿ ತೀರ್ಮಾನಿಸುತ್ತದೆ. ಮೊದಲು ತಾತ್ಕಾಲಿಕ ಪಟ್ಟಿ ಅಂಟಿಸುತ್ತಾರೆ. ಹದಿನೈದು ದಿನದೊಳಗೆ ಲಿಖಿತ ಆಕ್ಷೇಪಣೆ ಕೊಡಬೇಕು. ವಿಚಾರಣೆ ನಡೆಯುತ್ತದೆ. ಆಮೇಲೆ ಅಂತಿಮ ಪಟ್ಟಿ. ಜಗತ್ತಿನ ರೇಸ್ ಚಾಲಕರಿಗೂ ಮಾಮಾ ಇದೇ ಕಾಯಿದೆ ಜಾರಿ ಮಾಡಿದರು!

ಪ್ರತಿ ರೇಸಿನ ಮರುದಿನ ಅಡುಗೆಮನೆಯ ಬಾಗಿಲಿಗೆ 'ಸಾರ್ವಕಾಲಿಕ ಶ್ರೇಷ್ಠ ಚಾಲಕರ ತಾತ್ಕಾಲಿಕ ಜ್ಯೇಷ್ಠತಾ ಪಟ್ಟಿ' ಬೀಳುತ್ತಿತ್ತು. ವಿದೇಶಿ ಹೆಸರುಗಳು ಅವರ ಬಾಯಿಗೆ ಒಗ್ಗುತ್ತಿರಲಿಲ್ಲವಾದ್ದರಿಂದ ಚಾಂಪಿಯನ್ನರೆಲ್ಲ 'ಗಡ್ಡದವ', 'ಮೂಗಿನವ', 'ಸದಾ ಸಿಟ್ಟಿನವ' ಎಂದೇ ದಾಖಲಾಗಿದ್ದರು. ಮೊದಲನೇ ಸ್ಥಾನ ಮಾತ್ರ ಎಂದೂ ಅಲುಗಲಿಲ್ಲ. ಅಲ್ಲಿದ್ದವರು ಖಾದರ್ ಸಾಹೇಬರು. ಯಾವ ದೇಶದವರು ಅಂತೀರಾ? ಮಾಮಾನ ಕಾರ್ಖಾನೆಯವರೇ! ಮಾಮಾನಿಗೆ ಸ್ಟೇರಿಂಗ್ ಹಿಡಿಯಲು ಕಲಿಸಿದ ಉಸ್ತಾದರು, ಬಸ್ ನಂಬರ್ ಏಳರ ಚಾಲಕರು. ಬಾನೆಟ್ಟಿನ ಮೇಲೆ ಅಂಚಿನವರೆಗೆ ತುಂಬಿದ ಚಹಾದ ಗ್ಲಾಸ್ ಇಟ್ಟರೆ ಹಿಮಾಯತ್‌ನಗರದಿಂದ ಪಟಾನ್‌ಚೆರುವರೆಗೆ ಒಂದು ಹನಿ ಚೆಲ್ಲುತ್ತಿರಲಿಲ್ಲವಂತೆ.

"ಕಪ್ ಗೆಲ್ಲೋದು ದೊಡ್ಡದಲ್ಲಪಾ," ಎನ್ನುತ್ತಿದ್ದರು ಮಾಮಾ. "ಕಪ್‌ನ್ಯಾಗಿನ ಚಹಾ ಉಳಸೋದು ದೊಡ್ಡದು!"

ಅವರ ಜೊತೆ ರೇಸ್ ನೋಡುವುದೇ ಒಂದು ಅನುಭವ. ನಾಲ್ಕು ಚಕ್ರಗಳನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಬದಲಿಸುವುದನ್ನು ಕಂಡಾಗಲೆಲ್ಲ ಎದ್ದು ನಿಂತು ಟಿವಿಗೆ ಸಲಾಮು ಹೊಡೆಯುತ್ತಿದ್ದರು. "ನಮ್ಮಲ್ಲಿ ಒಂದು ಟೈರಿಗೆ ಅರ್ಜಿ ಹಾಕಿದ್ರ ಮೂರು ತಿಂಗಳು ಬೇಕು. ಇವ್ರ ಸ್ಟೋರ್‌ಕೀಪರ್ ಯಾರಪಾ, ಅಂವನ್ನ ಪಟ್ಟ್ಯಾಗ ಹಾಕಬೇಕು!" ರೇಸ್ ಮುಗಿದಾಗ ಅವರದೊಂದು ಶಾಶ್ವತ ತಕರಾರು. "ಇಷ್ಟ್ ಪೆಟ್ರೋಲ್ ಸುಟ್ಟು ಹೊಂಟಲ್ಲಿಗೇ ಬಂದ್ ನಿಂತಾನ. ಯಾರನ್ನೂ ಇಳಿಸಲಿಲ್ಲ, ಯಾರನ್ನೂ ಹತ್ತಿಸಲಿಲ್ಲ. ಟ್ರಿಪ್ ಶೀಟಿನ್ಯಾಗ ಏನಂತ ಬರೀತಾನ?"

ಗೆದ್ದವನು ವೇದಿಕೆ ಹತ್ತಿ ಬಾಟಲಿ ಅಲುಗಾಡಿಸಿ ಎಲ್ಲರ ಮೇಲೆ ಚಿಮುಕಿಸಿದನೋ, ಮುಗಿಯಿತು. ಗಡ್ಡದವನಿಗೆ ಆ ಕಾರಣಕ್ಕೇ ಮೆಮೋ ಹೋಯಿತು: "ಕರ್ತವ್ಯದ ಮೇಲಿರುವಾಗ, ಸಮವಸ್ತ್ರದಲ್ಲಿ, ಮದ್ಯ ಚೆಲ್ಲಿದ್ದಕ್ಕೆ ನಿಮ್ಮ ಮೇಲೆ ಶಿಸ್ತುಕ್ರಮ ಯಾಕೆ ಕೈಗೊಳ್ಳಬಾರದು?" ಮೆಮೋ ಬಾಗಿಲ ಮೇಲೆ ಹದಿನೈದು ದಿನ ಇತ್ತು. ಉತ್ತರ ಬಾರದ ಕಾರಣ ಗಡ್ಡದವ ಎರಡು ಸ್ಥಾನ ಕೆಳಗಿಳಿದ. ಇವತ್ತಿಗೂ ಅವನಿಗೆ ಈ ವಿಷಯ ತಿಳಿದಿರಲಿಕ್ಕಿಲ್ಲ.

ಆಕ್ಷೇಪಣೆ ಸಲ್ಲಿಸಲು ಮಾಮಾ ಐದು ಕಾಲಮ್ಮಿನ ಒಂದು ನಮೂನೆಯನ್ನೇ ಮಾಡಿದ್ದರು. ಅರ್ಜಿದಾರನ ಹೆಸರು, ಚಾಲಕನ ಹೆಸರು, ಕೋರಿದ ಸ್ಥಾನ, ಸಾಕ್ಷ್ಯ. ಐದನೆಯದು: 'ಚಾಲಕನಿಗೂ ಅರ್ಜಿದಾರನಿಗೂ ಸಂಬಂಧ ಉಂಟೇ? ಉಂಟಾದರೆ ವಿವರ.' ಈ ಐದನೇ ಕಾಲಮ್ಮಿನ ಬಗ್ಗೆ ಅವರು ಬಹಳ ಕಟ್ಟುನಿಟ್ಟು. ಮೂಗಿನವನನ್ನು ಎರಡನೇ ಸ್ಥಾನಕ್ಕೆ ಏರಿಸಬೇಕೆಂದು ನಾನು ಅರ್ಜಿ ಹಾಕಿದಾಗ, "ಮೂಗಿನಾಂವ ನಿಮ್ಮ ಬೀಗ ಏನಲೇ? ಐದನೇದು ಖಾಲಿ ಬಿಟ್ಟೀಯಲ್ಲ!" ಎಂದು ಅರ್ಜಿ ವಾಪಸ್ ಎಸೆದರು. ಒಮ್ಮೆ ಅತ್ತೆ, ಬೀದರಿನಲ್ಲಿ ಸರ್ಕಾರಿ ಬಸ್ ಓಡಿಸುವ ತನ್ನ ತಮ್ಮನನ್ನು ಪಟ್ಟಿಗೆ ಸೇರಿಸಲು ಅರ್ಜಿ ಕೊಟ್ಟಳು. ಭಾನುವಾರ ವಿಚಾರಣೆ. ಮಾಮಾ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕನ್ನಡಕ ಏರಿಸಿ ಕೂತರು.

"ಚಾಲಕ ನಿಮಗೇನಾಗಬೇಕ್ರಿ?"

"ಅಯ್ಯ, ನನ್ನ ಬೆನ್ನಿಗೆ ಬಿದ್ದ ತಮ್ಮ! ನಿಮಗ ಗೊತ್ತಿಲ್ಲೇನು?"

"ಸಂಬಂಧ ರುಜುವಾತಾತು. ಸಂಬಂಧಿಕರ ಅರ್ಜಿ ನಡೆಯೂದಿಲ್ಲ. ವಜಾ!"

ಮೊಹರು ಬಿತ್ತು. ಆ ದಿನ ಮಧ್ಯಾಹ್ನದ ಊಟಕ್ಕೆ ಬರೀ ಮಜ್ಜಿಗೆ ಅನ್ನ. ನ್ಯಾಯಾಧೀಶರು ತುಟಿಪಿಟಕ್ಕೆನ್ನದೆ ಉಂಡರು.

ಇದೆಲ್ಲ ನನಗೂ ತಮಾಷೆಯಾಗಿಯೇ ಇತ್ತು, ನನಗೆ ಗಾಜಿನ ಕಟ್ಟಡದಲ್ಲಿ ಕೆಲಸ ಸಿಗುವವರೆಗೆ! ಆ ಕಾಲ ನಿಮಗೆ ನೆನಪಿರಬೇಕು. ಹೈದರಾಬಾದಿನ ಬಂಡೆಗಳನ್ನು ಸಿಡಿಸಿ ದಿನಕ್ಕೊಂದು ಗಾಜಿನ ಕಟ್ಟಡ ಎಬ್ಬಿಸುತ್ತಿದ್ದರು, ಕೊರಳಿಗೊಂದು ಗುರುತಿನ ಚೀಟಿ ಬಿದ್ದರೆ ಸಾಕು, ನಮ್ಮಂಥವರ ನಡಿಗೆಯೇ ಬದಲಾಗುತ್ತಿತ್ತು. ನನ್ನದೂ ಬದಲಾಯಿತು. ಬೆಂಗಳೂರು, ಮಂಗಳೂರಿನ ಹುಡುಗರ ಜೊತೆ ಮಾಧಾಪುರದಲ್ಲಿ ರೂಮು ಮಾಡಿದೆ. 'ಐತಿ' ಎನ್ನುವುದನ್ನು ಬಿಟ್ಟು 'ಇದೆ' ಎನ್ನತೊಡಗಿದೆ, ಅದೂ ಕನ್ನಡ ಮಾತಾಡಲೇಬೇಕಾಗಿ ಬಂದಾಗ! ಇಷ್ಟರಲ್ಲಿ ಮಾಮಾ ನಿವೃತ್ತರಾಗಿ ಪಟಾನ್‌ಚೆರುವಿನ ಸ್ವಂತ ಮನೆಗೆ ಬಂದಿದ್ದರು, ಒಂದು ಹಳೆಯ ಬಿಳಿ ಕಾರು ಕೊಂಡಿದ್ದರು.

ನಮ್ಮ ಆಫೀಸಿನ ಹುಡುಗರೂ ಊಟದ ಹೊತ್ತಿನಲ್ಲಿ ಶ್ರೇಷ್ಠ ಚಾಲಕ ಯಾರೆಂದು ಕಿತ್ತಾಡುತ್ತಾರೆ ಎಂದು ಒಂದು ಭಾನುವಾರ ಬಾಯಿ ಜಾರಿ ಹೇಳಿಬಿಟ್ಟೆ. ಮಂಗಳವಾರ ನಮ್ಮ ಕ್ಯಾಂಟೀನಿನ ಬೋರ್ಡಿನ ಮೇಲೆ ಮಾಮಾನ ಪಟ್ಟಿ! ಜೆರಾಕ್ಸ್ ಪ್ರತಿ, ಮೊಹರು ಸಮೇತ. ಗೇಟಿನ ಸೆಕ್ಯುರಿಟಿಯವನ ಬಳಿ ಸೀಳು ಕೊರೆದ ಒಂದು ಬಿಸ್ಕತ್ತಿನ ಡಬ್ಬಿ, ಮೇಲೆ 'ಆಕ್ಷೇಪಣೆಗಳನ್ನು ಇಲ್ಲಿ ಹಾಕಿರಿ'. ಆ ಸೆಕ್ಯುರಿಟಿಯವನ ಅಪ್ಪ ಮಾಮಾನ ಬಸ್ಸಿನ ಹಳೇ ಪ್ರಯಾಣಿಕನಂತೆ.

ಇಡೀ ಕ್ಯಾಂಟೀನು ಹೊಟ್ಟೆ ಹಿಡಿದು ನಕ್ಕಿತು. "ಯಾರೋ ಇವನು ಖಾದರ್ ಸಾಬ್? ವರ್ಲ್ಡ್ ಚಾಂಪಿಯನ್‌ಗಿಂತ ಮೇಲೆ ಕೂತಿದ್ದಾನೆ!" ಎಂದು ನನ್ನ ಪಕ್ಕದವನು ಭುಜ ತಟ್ಟಿ ಕೇಳಿದ. ನಾನೇನು ಮಾಡಿದೆ? ಎಲ್ಲರಿಗಿಂತ ಜೋರಾಗಿ ನಕ್ಕೆ. "ಯಾವನೋ ಹುಚ್ಚ ಇರಬೇಕು ಬಿಡಪ್ಪ" ಎಂದೆ. ಹುಚ್ಚ! ನಾಲ್ಕು ವರ್ಷ ಅನ್ನ ಹಾಕಿದವರನ್ನು! ಡಬ್ಬಿಯಲ್ಲಿ ಬಿದ್ದ ಕುಚೇಷ್ಟೆಯ ಚೀಟಿಗಳಿಗೆಲ್ಲ ಮಾಮಾ ಒಂದನ್ನೂ ಬಿಡದೆ ಕ್ರಮಸಂಖ್ಯೆ ಹಾಕಿ ಲಿಖಿತ ಉತ್ತರ ಕಳಿಸಿದರು. 'ಎಮ್ಮೆ ಕಾಯುವವನನ್ನೂ ಸೇರಿಸಿ' ಎಂದು ಬರೆದವನಿಗೆ ಬಂದ ಉತ್ತರ: 'ಎಮ್ಮೆಗೆ ಬ್ರೇಕ್ ಇಲ್ಲ. ಪರಿಗಣಿಸಲು ಬರುವುದಿಲ್ಲ.'

ಇಷ್ಟಕ್ಕೇ ನಿಂತಿದ್ದರೆ ಈ ಪ್ರಬಂಧ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ವಿಮಾನ ನಿಲ್ದಾಣ ಶಂಶಾಬಾದಿಗೆ ಹೋದ ಹೊಸತರಲ್ಲಿ ಜರ್ಮನಿಯಿಂದ ನಮ್ಮ ಕಂಪನಿಯ ದೊಡ್ಡ ಗಿರಾಕಿಯೊಬ್ಬ ಬರುವವನಿದ್ದ. ಅವನು ಇಳಿಯುವ ದಿನವೇ ಊರಿಗೆ ಊರೇ ಬಂದ್. ಬಾಡಿಗೆ ಕಾರಿನವರು ಕೈ ಎತ್ತಿದರು. ನಮ್ಮ ಮ್ಯಾನೇಜರು ತಲೆ ಮೇಲೆ ಕೈ ಹೊತ್ತು, "ಬಾಬೂ, ನೀಕು ಎವರೈನಾ ಡ್ರೈವರ್ ತೆಲುಸಾ?" ಎಂದು ಒಬ್ಬೊಬ್ಬರನ್ನೇ ಕೇಳುತ್ತ ಬಂದರು. ನಾನು ಗೊತ್ತು ಎಂದೆ. ಒಬ್ಬ ಡ್ರೈವರ್ ಗೊತ್ತು ಎಂದೆ. ಬಂದ್ ದಿನ ಹೈದರಾಬಾದಿನ ಸಂದಿಗೊಂದಿಗಳಲ್ಲಿ ಗಾಡಿ ತೂರಿಸಬಲ್ಲವರು ಮಾಮಾನನ್ನು ಬಿಟ್ಟು ಇನ್ನಾರು?

ಮಾಮಾ ಬಂದ ಠೀವಿ ನೋಡಬೇಕಿತ್ತು! ಇಸ್ತ್ರಿ ಮಾಡಿದ ಬಿಳಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ. ಅತ್ತೆ ತಾನು ಗಿಳಿ ಕಸೂತಿ ಹಾಕಿದ ಹೊಸ ಕವರುಗಳನ್ನು ಸೀಟಿಗೆ ತೊಡಿಸಿದ್ದಳು. ಕನ್ನಡಿಯ ಕೆಳಗೆ ಪೇಪರಿನಿಂದ ಕತ್ತರಿಸಿದ ರೇಸ್ ಕಾರಿನ ಚಿತ್ರ. ದಾರಿಯುದ್ದಕ್ಕೂ ಮಾಮಾ ಏನನ್ನೋ ಬಾಯಿಪಾಠ ಮಾಡುತ್ತಿದ್ದರು.

"ಏನ್ ಮಾಮಾ ಅದು?"

"ಇಂಗ್ಲೀಷ್‌ಪಾ. ಸಾಹೇಬ್ರು ಕೇಳಿದ್ರ ಹೇಳಬೇಕಲ್ಲ? 'ಐ ಆಮ್ ಅಂಕಲ್, ಮದರ್ ಸೈಡ್.' ಬರೊಬ್ಬರಿ ಐತಿಲ್ಲ? ಬರೇ ಅಂಕಲ್ ಅಂದ್ರ ಓಣ್ಯಾಗಿನವರೆಲ್ಲಾ ಅಂಕಲ್ಲೇ. ಮದರ್ ಸೈಡ್ ಅಂದ್ರ ಖಾಸಾ ಅಂತ ತಿಳೀತೈತಿ."

ನಾನು ಬರೊಬ್ಬರಿ ಐತಿ ಎಂದೆ. ಹಾಗೆಂದು ಕಿಟಕಿಯ ಹೊರಗೆ ನೋಡುತ್ತ ಕೂತೆ.

ಗಿರಾಕಿ ಬಂದ. ಎತ್ತರದ ಆಳು, ಕೈಯಲ್ಲಿ ತುಂಬಿದ ಕಾಫಿಯ ಕಾಗದದ ಲೋಟ. ನನ್ನ ಕೈ ಕುಲುಕಿ, ಪಕ್ಕದಲ್ಲಿ ನಗುತ್ತ ನಿಂತಿದ್ದ ಮಾಮಾನತ್ತ ತಿರುಗಿ, ಈ ಮಹನೀಯರು ಯಾರು ಎಂದು ಕೇಳಿದ. ಮಾಮಾ ಕೈ ಮುಂದೆ ಚಾಚಿದರು, ಗಂಟಲು ಸರಿ ಮಾಡಿಕೊಂಡರು, "ಐ ಆಮ್..." ಎಂದರು. ನಾನು ಆ ಕಸೂತಿಯ ಗಿಳಿಗಳನ್ನು ನೋಡಿದೆ, ಎಣ್ಣೆ ಹಚ್ಚಿದ ತಲೆ ನೋಡಿದೆ, ಗಿರಾಕಿಯ ಸೂಟು ನೋಡಿದೆ. ನಡುವೆ ಬಾಯಿ ಹಾಕಿ, "ಡ್ರೈವರ್" ಎಂದುಬಿಟ್ಟೆ.

ಚಾಚಿದ ಕೈ ಗಾಳಿಯಲ್ಲಿ ಒಂದು ಕ್ಷಣ ಹಾಗೇ ಇತ್ತು. ಆಮೇಲೆ ಕೆಳಗಿಳಿದು ಸೂಟ್‌ಕೇಸಿನ ಹಿಡಿಕೆ ಹಿಡಿಯಿತು, ಅದಕ್ಕೇ ಚಾಚಿತ್ತೇನೋ ಎಂಬಂತೆ. ಮಾಮಾ ಡಿಕ್ಕಿ ತೆಗೆದು ಪೆಟ್ಟಿಗೆ ಇಟ್ಟರು. ಗಿರಾಕಿಗೆ ಬಾಗಿಲು ತೆರೆದರು. ಸುತ್ತಿ ಬಂದು ನನಗೂ ಬಾಗಿಲು ತೆರೆದರು! "ಬೈಠಿಯೇ ಸಾಬ್" ಎಂದರು. ಭೂಮಿ ಬಾಯಿ ಬಿಡಬಾರದೇ ಅನ್ನುತ್ತಾರಲ್ಲ, ಶಂಶಾಬಾದಿನಲ್ಲಿ ಹೊಸ ಕಾಂಕ್ರೀಟು ಹಾಕಿದ್ದರು, ಬಿಡಲಿಲ್ಲ. ನಾನು ಹಿಂದಿನ ಸೀಟಿನಲ್ಲಿ, ಗಿಳಿಗಳ ಮೇಲೆ ಕೂತೆ.

ಗಿರಾಕಿ ರೇಸಿನ ಪರಮಭಕ್ತ. ಕನ್ನಡಿಯ ಕೆಳಗಿನ ಚಿತ್ರ ಕಂಡದ್ದೇ ತಡ, ನಿಮ್ಮ ಪ್ರಕಾರ ಸಾರ್ವಕಾಲಿಕ ಶ್ರೇಷ್ಠ ಯಾರು ಎಂದು ಮುಂದಕ್ಕೆ ಬಗ್ಗಿ ಕೇಳಿದ.

"ನಂಬರ್ ಒನ್, ಖಾದರ್ ಸಾಬ್, ಸರ್."

ಗಿರಾಕಿ ಪುಸ್ತಕ ತೆಗೆದು ಹೆಸರು ಬರೆದುಕೊಂಡ! "ಯಾವ ಟೀಮ್?"

"ಸೆಂಟ್ರಲ್ ಗೌರ್ಮೆಂಟ್, ಸರ್."

ನಾನು ಅವಸರದಿಂದ, ಅವನ ಮಾತಿಗೆ ಗಮನ ಕೊಡಬೇಡಿ, ಅವನು ಹಾಗೇ ಏನೇನೋ ಹೇಳುತ್ತಿರುತ್ತಾನೆ ಎಂದು ಇಂಗ್ಲಿಷಿನಲ್ಲಿ ಹೇಳಿ ನಕ್ಕೆ. ಇಂಗ್ಲಿಷಿನಲ್ಲಿ ಅವನು ಅವರು ಎಲ್ಲ ಒಂದೇ, ಆದರೆ ನಾನು ಅಂದದ್ದು 'ಅವನು' ಎಂಬುದು ನನಗೆ ಗೊತ್ತಿತ್ತು. ಮಾಮಾನಿಗೂ ಗೊತ್ತಾಯಿತು. ಕನ್ನಡಿಯಲ್ಲಿ ನನ್ನನ್ನು ನೋಡಿ, "ಸಾರಿ ಸಾಬ್" ಎಂದರು. ಅದರಲ್ಲಿ ವ್ಯಂಗ್ಯ ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಇರಲಿಲ್ಲ. ಅಳಿಯನ ಮರ್ಯಾದೆಗೆ ತನ್ನಿಂದ ಎಲ್ಲಿ ಧಕ್ಕೆಯಾಗುತ್ತದೋ ಎಂಬ ಕಳಕಳಿಯಷ್ಟೇ ಇತ್ತು.

ಆಮೇಲೆ ಮಾಮಾ ರಸ್ತೆಗೆ ಕಣ್ಣು ನೆಟ್ಟು ಗಾಡಿ ಓಡಿಸಿದರು. ಎಂಥ ಓಟ ಅದು! ಒಂದು ಕಡೆ ರಸ್ತೆಗೆ ಕಲ್ಲು ಅಡ್ಡ ಇಟ್ಟಿದ್ದರೆ ಹಳ್ಳಿಯೊಂದರ ಒಳದಾರಿ ಹಿಡಿದರು, ಇನ್ನೊಂದು ಕಡೆ ಟೈರು ಸುಡುತ್ತಿದ್ದವರೊಡನೆ ಗಾಜು ಇಳಿಸಿ ತೆಲುಗಿನಲ್ಲಿ ಎರಡು ಮಾತಾಡಿ ದಾರಿ ಬಿಡಿಸಿಕೊಂಡರು. ಕೆರೆ ಏರಿ, ಅಗೆದ ರಸ್ತೆ, ಅರ್ಧ ಕಟ್ಟಿದ ಸೇತುವೆಯ ಬುಡ. ಹೋಟೆಲು ಮುಟ್ಟಿದಾಗ ಗಿರಾಕಿ ತನ್ನ ಬಿಳಿ ಅಂಗಿ ನೋಡಿಕೊಂಡ, ಕೈಯಲ್ಲಿದ್ದ ಲೋಟ ನೋಡಿದ. ಆ ಓಟ ನೋಡುವ ಭರದಲ್ಲಿ ಅವನು ಕಾಫಿ ಕುಡಿಯುವುದನ್ನೇ ಮರೆತಿದ್ದ. ತುಂಬಿದ ಲೋಟ ತುಂಬಿದ ಹಾಗೇ ಇತ್ತು. ಒಂದು ಹನಿ ಚೆಲ್ಲಿರಲಿಲ್ಲ! ಅವನು ಇಳಿದವನೇ ಮಾಮಾನ ಕೈ ಹಿಡಿದು ಕುಲುಕಿದ. ಅವರು ಯಾರೆಂದು ಗೊತ್ತಿಲ್ಲದವನು ಕುಲುಕಿದ, ಗೊತ್ತಿದ್ದವನು ನಾನು ಪಕ್ಕದಲ್ಲಿ ಗಡಿಯಾರ ನೋಡುತ್ತ ನಿಂತಿದ್ದೆ.

ನನ್ನ ರೂಮಿನವರೆಗೂ ಹಿಂದಿನ ಸೀಟಿನಲ್ಲೇ ಕೂತಿದ್ದೆ. ಮುಂದೆ ಬಂದು ಕೂರುವ ಧೈರ್ಯವಾಗಲಿಲ್ಲ. ಇಳಿಯುವಾಗ ಮಾಮಾ ಅಂದದ್ದು ಇಷ್ಟೇ: "ಅಕ್ಕಾ ಫೋನ್ ಮಾಡಿದ್ರ, ನಾ ಆರಾಮ ಅದೀನಿ ಅಂತ ಹೇಳು." ಅಕ್ಕ ಅಂದರೆ ನನ್ನ ಅವ್ವ.

ಮೂರು ಭಾನುವಾರ ಪಟಾನ್‌ಚೆರು ಕಡೆ ತಲೆ ಹಾಕಲಿಲ್ಲ. ಆಫೀಸಿನಲ್ಲಿ ಗಿರಾಕಿಯ ಮೆಚ್ಚುಗೆಯ ಪತ್ರ ಬಂತು. ಅದರಲ್ಲಿ ನಮ್ಮ ಕೆಲಸದ ಬಗ್ಗೆ ಒಂದು ಸಾಲು, ಡ್ರೈವರ್ ಬಗ್ಗೆ ಏಳು ಸಾಲು. "ಆ ಡ್ರೈವರ್ ನಂಬರ್ ಕೊಡಯ್ಯಾ, ಇನ್ನು ಮೇಲೆ ಅವನನ್ನೇ ಕರೆಯೋಣ" ಎಂದರು ಮ್ಯಾನೇಜರು. ಅವರು ಡ್ರೈವರ್ ಅಲ್ಲ ಸಾರ್, ನನ್ನ ಸೋದರಮಾವ ಎಂದೆ. ತಡವಾಗಿ ಹೇಳಿದ ಮಾತು, ಹೇಳಬೇಕಾದವರ ಎದುರು ಹೇಳಿರಲಿಲ್ಲ.

ನಾಲ್ಕನೇ ಭಾನುವಾರ ಹೋದೆ. ಮಾಮಾ ಏನೂ ಆಗಿಲ್ಲವೆಂಬಂತೆ, "ಬಾಪಾ, ಭಾಳ ಬಿಜಿ ಏನು?" ಎಂದರು. ಬಾಗಿಲ ಮೇಲೆ ಹೊಸ ತಾತ್ಕಾಲಿಕ ಪಟ್ಟಿ ಇತ್ತು. ಕ್ಷಮೆ ಕೇಳಬೇಕೆಂದು ಬಸ್ಸಿನ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ, ಅದನ್ನು ಅಲ್ಲಿಗೇ ಬಿಟ್ಟೆ. ಜೇಬಿನಿಂದ ನಮೂನೆ ತೆಗೆದು ಕೊಟ್ಟೆ. ಹಿಂದಿನ ರಾತ್ರಿಯೇ ತುಂಬಿಸಿಟ್ಟಿದ್ದೆ.

ಮಾಮಾ ಕೂಡಲೇ ಕನ್ನಡಕ ಏರಿಸಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತರು. ಅತ್ತೆ ರೊಟ್ಟಿಯ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು. ಅರ್ಜಿದಾರನ ಹೆಸರು ಓದಿದರು. ಚಾಲಕನ ಹೆಸರು ಓದಿ ಒಮ್ಮೆ ನನ್ನತ್ತ ನೋಡಿದರು, ಅಲ್ಲಿ ಅವರದೇ ಹೆಸರಿತ್ತು. ಕೋರಿದ ಸ್ಥಾನ: ಒಂದು, ಖಾದರ್ ಸಾಹೇಬರ ಜೊತೆಗೆ. ಸಾಕ್ಷ್ಯ: ಬಂದ್ ದಿನ, ಶಂಶಾಬಾದಿನಿಂದ ಹೋಟೆಲಿನವರೆಗೆ, ತುಂಬಿದ ಲೋಟ, ಚೆಲ್ಲಿದ್ದು ಸೊನ್ನೆ ಹನಿ. ಐದನೇ ಕಾಲಮ್ಮಿಗೆ ಬಂದವರು ನಿಂತರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಓದಿದರು.

"ಏನ್ ಬರದಾನ್ರಿ ಅಂವಾ?" ಎಂದಳು ಅತ್ತೆ.

"ತಡಿ," ಎಂದು ಕಾಗದ ನನ್ನ ಕೈಗೆ ಕೊಟ್ಟರು. "ಅರ್ಜಿದಾರ ಐದನೇದನ್ನ ಜೋರಾಗಿ ಓದಬೇಕು. ರೆಕಾರ್ಡಿಗೆ ಬೇಕಾಗ್ತದ."

ಓದಿದೆ. "ಸಂಬಂಧ ಉಂಟು. ಚಾಲಕರು ನನ್ನ ಸೋದರಮಾವ. ಮದರ್ ಸೈಡ್. ಈ ಮಾತನ್ನು ಹೇಳಬೇಕಾದ ಹೊತ್ತಿನಲ್ಲಿ ಹೇಳಲಿಲ್ಲ. ಅದು ಅರ್ಜಿದಾರನ ತಪ್ಪು."

ಮಾಮಾ ಕಾಗದ ವಾಪಸ್ ಇಸಿದುಕೊಂಡರು. ಆಮೇಲೆ ಪೆನ್ನು ತೆಗೆದು, ಬಾಯಲ್ಲಿ ಹೇಳಿಕೊಳ್ಳುತ್ತ, ಅರ್ಜಿಯ ಕೆಳಗೆ ಆದೇಶ ಬರೆದರು: "ಅರ್ಜಿದಾರ ಚಾಲಕನ ಖಾಸಾ ಅಳಿಯ ಎಂಬುದು ಸಂಶಯಕ್ಕೆ ಎಡೆಯಿಲ್ಲದಂತೆ ರುಜುವಾತಾಗಿದೆ. ಆದ ಕಾರಣ ಅರ್ಜಿ ವಜಾ." ಮೊಹರು ಒತ್ತಿದರು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, ರೊಟ್ಟಿ ಹೊತ್ತುತ್ತಿದೆಯೆಂದು ಒಳಗೆ ಓಡಿದಳು.

ಆ ಪಟ್ಟಿ ಆಮೇಲೆ ಎಷ್ಟೋ ಸಲ ಬದಲಾಗಿದೆ. ಗಡ್ಡದವನಿಗೆ ಇನ್ನೊಂದು ಮೆಮೋ ಹೋಗಿದೆ. ಮೊದಲನೇ ಸ್ಥಾನದಲ್ಲಿ ಇವತ್ತಿಗೂ ಖಾದರ್ ಸಾಹೇಬರೊಬ್ಬರೇ ಇದ್ದಾರೆ, ಮಾಮಾನ ಹೆಸರು ಎಲ್ಲೂ ಇಲ್ಲ. ಆದರೆ ಪಟ್ಟಿಯ ಮೇಲ್ಗಡೆ, ಎಲ್ಲರ ಕಣ್ಣಿಗೆ ಬೀಳುವಲ್ಲಿ, ವಜಾ ಆದ ನನ್ನ ಅರ್ಜಿಯನ್ನು ಅಂಟಿಸಿದ್ದಾರೆ. ಮನೆಗೆ ಯಾರೇ ಬಂದು ಪಟ್ಟಿ ಓದಲು ಹೊರಟರೂ ಮಾಮಾ ತಡೆಯುತ್ತಾರೆ.

"ಪಟ್ಟಿ ಆಮ್ಯಾಲೆ ನೋಡೂಣ್ರಿ. ಮೊದಲ ಇಲ್ಲಿ ಐದನೇ ಕಾಲಮ್ಮು ಓದ್ರಿ."